ಏಳನೇ ಪ್ರಶ್ನೆಗೆ ಅಜ್ಜಿಯ ಉತ್ತರ

ಜನವರಿ 8

ಅಜ್ಜಿಗೆ ಜೀರಿಗೆಯ ನಮಸ್ಕಾರ,

ಅಮ್ಮ ಇದನ್ನು ಓದಿ ಹೇಳುವಾಗ ಒಂದು ಸಾಲನ್ನೂ ನುಂಗಬಾರದೆಂದು ಮೊದಲೇ ಅವಳಿಂದ ಮಾತು ತೆಗೆದುಕೋ. ನಿನ್ನ ಕೈ ನಡುಗುತ್ತದೆ, ನೀನು ಹೇಳುತ್ತೀಯ, ಅಮ್ಮ ಬರೆಯುತ್ತಾಳೆ, ಅದೆಲ್ಲ ಸರಿ. ಆದರೆ ಈ ಸಲ ನಿನ್ನ ಮಾತು ನೀನು ಆಡಿದ ಹಾಗೆಯೇ ನನಗೆ ಬೇಕು. ಬೈಗುಳವಿದ್ದರೆ ಬೈಗುಳದ ಸಮೇತ. ಯಾಕೆಂದರೆ ಇದು ನನ್ನ ಪರೀಕ್ಷೆಯ ವಿಷಯ.

ಈ ವರ್ಷ ನಮಗೆ ಫ್ರೆಂಚಿನಲ್ಲಿ ಬರವಣಿಗೆಯ ಪರೀಕ್ಷೆಗಿಂತ ದೊಡ್ಡ ತಲೆನೋವು ಮಾತಿನ ಪರೀಕ್ಷೆ. ಏಪ್ರಿಲ್‌ನಲ್ಲಿ ಪರೀಕ್ಷಾ ಮಂಡಳಿಯಿಂದ ಗುರುತು ಪರಿಚಯವಿಲ್ಲದ ಒಬ್ಬರು ಬರುತ್ತಾರೆ. ಬಾಗಿಲು ಹಾಕಿ, ಟೇಪು ಓಡಿಸಿ, ನಾನು ಆರಿಸಿಕೊಂಡ ವಿಷಯದ ಮೇಲೆ ಹನ್ನೆರಡು ನಿಮಿಷ ಮಾತಾಡಿಸುತ್ತಾರೆ. ವಿಷಯ ಪುಸ್ತಕದಿಂದ ಎತ್ತಿದ್ದಾಗಿರಕೂಡದು. ನಾವೇ ಒಬ್ಬರನ್ನು ಪ್ರಶ್ನೆ ಕೇಳಿ, ಅವರು ಹೇಳಿದ್ದನ್ನು ನಾವೇ ಫ್ರೆಂಚಿಗೆ ತಿರುಗಿಸಿಕೊಂಡು, "ಇದು ನಾನೇ ಸಂಗ್ರಹಿಸಿದ ನಿಜವಾದ ಮಾತು" ಎಂದು ಸಹಿ ಹಾಕಬೇಕು. ಇದರಲ್ಲಿ ಒಳ್ಳೆಯ ಅಂಕ ಬಂದರೆ ಅನುವಾದಕರ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕ ಹಾಗೆಯೇ.

ನನ್ನ ವಿಷಯ, ಮೂರು ತಲೆಮಾರಿನ ಹೆಂಗಸರು ಶಾಲೆಗೆ ಹೋದ ಕಥೆ. ನೀನು, ಅಮ್ಮ, ನಾನು. ಬೇರೆ ಹಾಳೆಯಲ್ಲಿ ಹತ್ತು ಪ್ರಶ್ನೆ ಬರೆದಿದ್ದೇನೆ. ಏಳನೆಯದನ್ನು ನಿಧಾನವಾಗಿ ಯೋಚಿಸಿ ಹೇಳು: ಅಮ್ಮನನ್ನು ಹದಿನೈದನೇ ವಯಸ್ಸಿಗೆ ಶಾಲೆ ಬಿಡಿಸಿದ್ದು ಯಾಕೆ?

ಹಾಸ್ಟೆಲ್ಲಿನ ಫೋನು ವಾರ್ಡನ್ ಕೋಣೆಯಲ್ಲಿದೆ. ಸಾವು-ನೋವಿನ ಸುದ್ದಿಗೆ ಮಾತ್ರ ಎಂದು ಬೋರ್ಡು ಬೇರೆ ತೂಗುಹಾಕಿದ್ದಾರೆ. ಆದ್ದರಿಂದ ಕಾಗದದಲ್ಲೇ ಉತ್ತರ ಕಳಿಸು, ಬೇಗ.

ನಿನ್ನ,
ಜೀರಿಗೆ


ಜನವರಿ 19

ಜೀರಿಗೆ,

ನಿನ್ ಕಾಗದ ಬಂತು. ಕಾಗದ ಅಲ್ಲ ಕಣೇ ಅದು, ಪೊಲೀಸರ ಸಮನ್ಸು. ನಿಮ್ಮಜ್ಜ ಮದುವೆಗೆ ಮುಂಚೆ ನನ್ನ ಒಂದೇ ಪ್ರಶ್ನೆ ಕೇಳಿದ್ದು, "ಮಾತು ಕಮ್ಮಿ ತಾನೇ?" ಅಂತ. ಹೂಂ ಅಂದೆ. ಪಾಪ, ಮೋಸ ಹೋದರು.

ನಾನು ಶಾಲೆಗೆ ಹೋಗಿದ್ದು ಎರಡೇ ವರ್ಷ. ಬಿಟ್ಟಿದ್ದು ಯಾಕೆ ಅಂದರೆ, ತಮ್ಮ ಹುಟ್ಟಿದ, ಅವನನ್ನ ಹೊತ್ಕೊಂಡು ತಿರುಗೋಕೆ ಒಂದು ಸೊಂಟ ಬೇಕಿತ್ತು. ನನ್ನದು ಖಾಲಿ ಇತ್ತು. ಅಳು ಬಂತಾ ಅಂತ ಕೇಳಿದೀಯ. ಇಲ್ಲ. ಆ ಮೇಷ್ಟ್ರು ಕಿವಿ ಹಿಂಡೋದು ತಪ್ಪಿತಲ್ಲ ಅಂತ ಕುಣಿದೆ. ಇದನ್ನ ಹೀಗೇ ಹೇಳು, ಸುಮ್ನೆ ಕಣ್ಣೀರು ಸೇರಿಸಬೇಡ.

ಆಸ್ಪತ್ರೆ ಲಾಂಡ್ರೀಲಿ ಇಪ್ಪತ್ತಾರು ವರ್ಷ ಇದ್ದೆ. ಬೆಳಗ್ಗೆ ಹೋದರೆ ವಾರ್ಡುಗಳಿಂದ ಮೂಟೆ ಬಂದು ಬಿದ್ದಿರೋದು. ರಕ್ತದ ಕಲೆ ತಣ್ಣೀರಲ್ಲೇ ತೆಗೀಬೇಕು, ಬಿಸಿನೀರು ಬಿದ್ದರೆ ಅಲ್ಲೇ ಗಟ್ಟಿಯಾಗಿ ಕೂತ್ಕೊಳತ್ತೆ. ಇದನ್ನ ನಿಮ್ ಫ್ರೆಂಚ್‌ನೋರಿಗೂ ತಿಳಿಸು, ಉಪಯೋಗಕ್ಕೆ ಬರತ್ತೆ. ಹೊದಿಕೆ ಇಸ್ತ್ರಿ ಮಾಡೋ ಹಬೆ ರೋಲರ್‌ಗೆ ಸಿಕ್ಕಿ ನನ್ನ ಬಲಗೈ ಬೆಂದಿದ್ದು ನಿನಗೆ ಗೊತ್ತಲ್ಲ. ಈಗ ನಡುಗೋದು ಅದೇ ಕೈ.

ಏಳನೇದು ಬಿಡು. ಅದು ನಿನಗ್ಯಾಕೆ? ಮುಂದಿನ ಪ್ರಶ್ನೆ ಓದು ಅಂತ ಇವಳಿಗೆ ಹೇಳಿದೆ, ಇವಳು ಪೆನ್ನು ಹಿಡ್ಕೊಂಡು ಸುಮ್ನೆ ನನ್ನ ಮುಖ ನೋಡ್ತಾ ಕೂತಿದಾಳೆ. ಇದನ್ನೂ ಬರ್ಕೋ ಅಂದೆ. ಬರ್ಕೊಂಡಳು.

ಎಂಟು, ಒಂಬತ್ತು, ಹತ್ತು ನಾಳೆ ಹೇಳ್ತೀನಿ ಅಂತಿದ್ದೆ. ಆದರೆ ಸಾಕು, ಎದೇಲಿ ಕಫ ಕಟ್ಟಿದೆ, ಮಾತಾಡಿದ್ರೆ ಕೆಮ್ಮು. ಚೆನ್ನಾಗಿ ತಿನ್ನು. ಪರದೇಶದ ಭಾಷೆಗೆ ಬಾಯಿ ಜಾಸ್ತಿ ತೆರೀಬೇಕಂತೆ, ಶಕ್ತಿ ಬೇಕು.

ಇಂತಿ,
ಅಜ್ಜಿ


ಜನವರಿ 30

ಅಜ್ಜಿ,

ಅಜ್ಜ ಮೋಸ ಹೋದ ನಿನ್ನ ಸಾಲನ್ನು ತರಗತಿಯಲ್ಲಿ ಫ್ರೆಂಚಿನಲ್ಲಿ ಹೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಮ್ಮ ಮೇಡಂ ಕೂಡ. ನಮ್ಮ ಮೇಡಂ ನಗುವುದೆಂದರೆ ಸಣ್ಣ ವಿಷಯವಲ್ಲ. ಅವರು ತರಗತಿಗೆ ಬಂದರೆ ನಮ್ಮ ಭಾಷೆಯಲ್ಲಿ ಕೆಮ್ಮಿದರೂ ಬೈಯುತ್ತಾರೆ.

ನಕ್ಕಾದ ಮೇಲೆ ಅವರು, "ಎಲ್ಲ ಚೆನ್ನಾಗಿದೆ, ಆದರೆ ನಡುವೆ ಒಂದು ತೂತಿದೆ" ಎಂದರು. ತೂತು ಯಾವುದೆಂದು ನಿನಗೂ ಗೊತ್ತು. ನೀನು ಎರಡು ವರ್ಷ ಓದಿದೆ, ನಾನು ಎರಡು ಪರದೇಶಿ ಭಾಷೆ ಓದುತ್ತಿದ್ದೇನೆ. ನಡುವಿನವಳ ಕಥೆ ಎಲ್ಲಿ? ಪರೀಕ್ಷಕರು ಮೊದಲು ಅಲ್ಲಿಗೇ ಕೈ ಹಾಕುತ್ತಾರಂತೆ. ಅಮ್ಮನನ್ನು ಕೇಳಿದರೆ "ಅದೆಲ್ಲ ಆಗಿಹೋದ ಮಾತು, ತಲೆ ತಿನ್ನಬೇಡ" ಎನ್ನುತ್ತಾಳೆ. ಚಿಕ್ಕವಳಿದ್ದಾಗಿನಿಂದ ನಾನು ಈ ಉತ್ತರವನ್ನು ಎಷ್ಟು ಸಲ ಕೇಳಿದ್ದೇನೋ.

ಅಜ್ಜಿ, ಒಂದೇ ಒಂದು ಸಲ ಹೇಳು. ನಿನ್ನನ್ನು ಕೆಟ್ಟವಳೆಂದು ತೋರಿಸುವುದಿಲ್ಲ. ನಿನ್ನ ಮೊಮ್ಮಗಳು ನಿನ್ನ ಪರವಾಗಿಯೇ ಮಾತಾಡುತ್ತಾಳೆ, ಅದೂ ಒಂದು ಅಕ್ಷರವೂ ನಿನಗೆ ತಿಳಿಯದ ಭಾಷೆಯಲ್ಲಿ.

ಕಫಕ್ಕೆ ಡಾಕ್ಟರಿಗೆ ತೋರಿಸಿದೆಯಾ? ಅಮ್ಮ ಕೆಲಸ ಮಾಡುವುದು ಆಸ್ಪತ್ರೆಯಲ್ಲಿ, ನೀನು ಮನೆಯಲ್ಲಿ ಕೆಮ್ಮುತ್ತಾ ಕೂತಿರುತ್ತೀಯ.

ನಿನ್ನ,
ಜೀರಿಗೆ


ಫೆಬ್ರವರಿ 11

ಫ್ರೆಂಚ್ ಮೇಡಂ ಅವರಿಗೆ ನಮಸ್ಕಾರಗಳು.

ನಾನು ನಿಮ್ಮ ಹಾಸ್ಟೆಲಿನಲ್ಲಿರುವ, ಮನೆಯಲ್ಲಿ ಜೀರಿಗೆ ಎಂದು ಕರೆಯುವ ನನ್ನ ಮಗಳ ಬಗ್ಗೆ ಬರೆಯುತ್ತಿದ್ದೇನೆ. ಅಜ್ಜಿಯ ಮೇಲೆ ಪಾಠ ಸಿದ್ಧ ಮಾಡುತ್ತಿದ್ದಾಳಲ್ಲ, ಅವಳೇ.

ನಮ್ಮಮ್ಮ ಇದೇ ತಿಂಗಳು ಆರನೇ ತಾರೀಕು ಗುರುವಾರ ಬೆಳಗ್ಗೆ ಹತ್ತೂವರೆಗೆ ತೀರಿಕೊಂಡರು. ಎದೆಯಲ್ಲಿ ನೀರು ತುಂಬಿತ್ತು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ನಾನು ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವುದು. ಅವರಿಗೆ ಹೊದಿಸಿದ್ದ ಹೊದಿಕೆಯೂ ನಾನೇ ಇಸ್ತ್ರಿ ಮಾಡಿದ್ದು. ಅಣ್ಣ ದೂರದಿಂದ ಬಂದು ಮೂರು ದಿನ ಇದ್ದು ಹೋದ. ಮಣ್ಣು ಮಾಡುವ ಕಾರ್ಯ ಮುಗಿಯಿತು.

ಮಗಳಿಗೆ ತಿಳಿಸಿಲ್ಲ. ಪರೀಕ್ಷೆ ಮುಗಿಯುವವರೆಗೆ ತಿಳಿಸಬಾರದೆಂದು ನಾನು ನಿರ್ಧಾರ ಮಾಡಿದ್ದೇನೆ. ಅವಳನ್ನು ಹೆತ್ತವಳು ನಾನಾದರೂ ಅವಳು ಬೆಳೆದದ್ದು ಅಜ್ಜಿಯ ಮಡಿಲಲ್ಲಿ, ನಾನು ಡ್ಯೂಟಿಯಲ್ಲಿರುತ್ತಿದ್ದೆ. ಗೊತ್ತಾದರೆ ಓದು ಬಿಟ್ಟು ಓಡಿಬರುತ್ತಾಳೆ, ಆಮೇಲೆ ಪುಸ್ತಕ ಮುಟ್ಟುವುದಿಲ್ಲ. ನನ್ನ ಓದು ನಡುವೆ ನಿಂತಿತು ಮೇಡಂ. ಅವಳದ್ದು ನಿಲ್ಲುವುದು ನನ್ನಿಂದ ನೋಡಲಾಗದು. ನೀವೂ ವಾರ್ಡನ್ ಅವರೂ ಬಾಯಿ ಬಿಡಬಾರದೆಂದು ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಜೀರಿಗೆಯ ತಾಯಿ


ಫೆಬ್ರವರಿ 20

ಜೀರಿಗೆ,

ಕಾಗದ ತಡವಾಯ್ತು ಅಂತ ಬೈಬೇಡ. ಕೆಮ್ಮು ಜೋರಾಗಿತ್ತು. ಈಗ ಪರವಾಗಿಲ್ಲ. ನೀನು ಬರೋದು ಬೇಡ, ಓದ್ಕೋ.

ಏಳನೇದಕ್ಕೆ ಉತ್ತರ ಹೇಳ್ತೀನಿ, ಕೇಳು.

ಕೈ ಬೆಂದಾಗ ನಾಲ್ಕು ತಿಂಗಳು ಕೆಲಸಕ್ಕೆ ಹೋಗೋ ಹಾಗಿರಲಿಲ್ಲ. ಸೋಮವಾರದೊಳಗೆ ಮನೆಯಿಂದ ಯಾರಾದರೂ ಬಂದು ನಿಂತರೆ ಜಾಗ ಉಳಿಯತ್ತೆ, ಇಲ್ಲದಿದ್ದರೆ ಬೇರೆಯವರಿಗೆ ಕೊಡ್ತೀವಿ ಅಂದರು ಸೂಪರ್‌ವೈಸರು. ನಿಮ್ಮಜ್ಜ ಆಗಲೇ ತೀರ್ಕೊಂಡಿದ್ದರು. ಮನೇಲಿದ್ದಿದ್ದು ಇಬ್ಬರು ಮಕ್ಕಳು. ನಿನ್ನ ಮಾವ ಹದಿನೇಳು ವರ್ಷದವನು, ಮೂಟೆ ಎತ್ತೋ ಶಕ್ತಿ ಇತ್ತು. ನಿಮ್ಮಮ್ಮ ಹದಿನೈದು. ತರಗತೀಲಿ ಮೊದಲನೇಳು. ನಾನು ಕಳಿಸಿದ್ದು ನಿಮ್ಮಮ್ಮನ್ನ. ಹುಡುಗನ್ನ ಶಾಲೆ ಬಿಡಿಸೋಕೆ ಮನಸ್ಸು ಬರಲಿಲ್ಲ, ಹುಡುಗೀನ ಬಿಡಿಸೋಕೆ ಯೋಚನೇನೂ ಮಾಡಲಿಲ್ಲ.

ಅವಳ ಟೀಚರು ಮೂರು ಸಲ ಮನೆಗೆ ಬಂದರು. ಮೂರನೇ ಸಲ ನಾನು ಒಳಗಿಂದ ಚಿಲಕ ಹಾಕ್ಕೊಂಡು, ಒಳ್ಳೇ ಕೈಯಿಂದ ಇವಳ ಬಾಯಿ ಮುಚ್ಚಿ ನಿಂತಿದ್ದೆ. ಟೀಚರು ಬಾಗಿಲು ಬಡಿದೂ ಬಡಿದೂ ಹೋದರು. ಅವರ ಚಪ್ಪಲಿ ಸದ್ದು ಮೆಟ್ಟಿಲು ಇಳಿಯೋವರೆಗೂ ಕೈ ತೆಗೀಲಿಲ್ಲ.

ನನ್ನ ಕೈ ವಾಸಿಯಾದ ಮೇಲಾದರೂ ವಾಪಸ್ ಕಳಿಸಬಹುದಿತ್ತು. ಕಳಿಸಲಿಲ್ಲ. ಇಬ್ಬರೂ ದುಡಿದರೆ ಮನೆ ಸಲೀಸು ಅನ್ನಿಸಿತು. ತಪ್ಪು ನಂದು. ಇಪ್ಪತ್ತೆಂಟು ವರ್ಷ ಒಂದೇ ಮನೇಲಿದ್ದೂ ಇವಳಿಗೆ ಒಂದಿನ ಹೇಳಲಿಲ್ಲ. ಈಗ ಹೇಳ್ತಾ ಇದೀನಿ, ಇವಳೇ ಬರ್ಕೊಳ್ತಾ ಇದಾಳೆ. ತಪ್ಪಾಯ್ತು ಮಗಳೇ, ಹೊಟ್ಟೆಗೆ ಹಾಕ್ಕೋ.

ಇದನ್ನ ನಿನ್ನ ಪಾಠದಲ್ಲಿ ಹೇಳ್ಕೋ. ಎಲ್ಲರಿಗೂ ಗೊತ್ತಾಗಲಿ.

ಇಂತಿ,
ಅಜ್ಜಿ


ಮಾರ್ಚ್ 1

ನನ್ನ ಮುದ್ದು ಅಜ್ಜಿ,

ನಿನ್ನ ಕಾಗದವನ್ನು ಊಟದ ಹಾಲ್‌ನಲ್ಲಿ ನಿಂತೇ ಓದಿದೆ. ಓದಿ ತಟ್ಟೆ ಅಲ್ಲೇ ಬಿಟ್ಟು ಕೋಣೆಗೆ ಬಂದು ಅತ್ತೆ. ಆಮೇಲೆ ಮುಖ ತೊಳೆದುಕೊಂಡು ನಿಘಂಟು ತೆಗೆದು ಕೂತೆ. ಮೂರು ದಿನ ಹಿಡಿಯಿತು ತಿರುಗಿಸಲು. "ಹೊಟ್ಟೆಗೆ ಹಾಕ್ಕೋ" ಅನ್ನುವುದಕ್ಕೆ ಅವರಲ್ಲಿ ಸರಿಯಾದ ಮಾತಿಲ್ಲ. ನಾನೂ ಮೇಡಮ್ಮೂ ಒಂದು ಗಂಟೆ ಕೂತೆವು. ಓದಿ ಹೇಳುವಾಗ ಮೇಡಂ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತುಬಿಟ್ಟರು, ನನಗೆ ಬೆನ್ನು ಹಾಕಿ. ಅಷ್ಟು ನಾಟಿತ್ತು ಅವರಿಗೆ.

ಅಜ್ಜಿ, ನೀನು ಇದನ್ನು ಹೇಳಿದೆ ಎನ್ನುವುದನ್ನೇ ನನಗೆ ನಂಬಲಾಗುತ್ತಿಲ್ಲ. ನೀನು ಯಾವತ್ತಾದರೂ ಯಾರಿಗಾದರೂ ತಪ್ಪಾಯ್ತು ಅಂದದ್ದುಂಟಾ? ಗೋಡೆಗೆ ತಲೆ ಬಡಿದರೆ ಗೋಡೆಯದೇ ತಪ್ಪು ಅನ್ನುವವಳು ನೀನು. ನನ್ನ ಪ್ರಶ್ನೆಗಾಗಿ ಹೇಳಿದೆಯಲ್ಲ, ನನಗೆ ಅದು ಪರೀಕ್ಷೆಗಿಂತ ದೊಡ್ಡದು.

ಅಮ್ಮ, ನೀನು ಇದನ್ನು ಬರೆದುಕೊಳ್ಳುವಾಗ ನಿನಗೆ ಏನನ್ನಿಸಿತು? ಅಕ್ಷರ ಒಂದು ಕಡೆ ಒದ್ದೆಯಾಗಿ ಹರಡಿದೆ. ಅಜ್ಜಿಗೆ ನೀನು ಏನಂದೆ? ಅದನ್ನೂ ಬರೆ.

ನಿಮ್ಮಿಬ್ಬರ,
ಜೀರಿಗೆ


ಮಾರ್ಚ್ 6

ಮಾನ್ಯರೇ,

ನಿಮ್ಮ ಫೆಬ್ರವರಿ ಪತ್ರಕ್ಕೆ ನಾನು ಉತ್ತರಿಸಲಿಲ್ಲ. ಸುಮ್ಮನಿದ್ದದ್ದೇ ಒಪ್ಪಿಗೆ ಎಂದು ನೀವು ತಿಳಿದಿರಬಹುದು. ಹಾಗೆಯೇ ಆಯಿತು ಕೂಡ. ನಾನು ಓದುತ್ತಿದ್ದಾಗ ನನ್ನ ತಂದೆಯ ಸಾವನ್ನೂ ಮನೆಯವರು ಪರೀಕ್ಷೆ ಮುಗಿಯುವವರೆಗೆ ಮುಚ್ಚಿಟ್ಟಿದ್ದರು. ನನಗೆ ಮೊದಲ ದರ್ಜೆಯೂ ಒಂದು ಪದಕವೂ ಬಂದವು. ಆ ಪದಕವನ್ನು ಇವತ್ತಿಗೂ ನಾನು ಗೋಡೆಗೆ ಹಾಕಿಲ್ಲ.

ಈಗ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಮೊನ್ನೆ ನಿಮ್ಮ ಮಗಳು ಅಜ್ಜಿಯ ಪತ್ರವೊಂದನ್ನು ನನ್ನ ಮುಂದೆ ಓದಿದಳು. ತಾರೀಕು ಫೆಬ್ರವರಿ ಇಪ್ಪತ್ತು. ನಿಮ್ಮ ತಾಯಿ ತೀರಿಕೊಂಡದ್ದು ಆರನೆಯ ತಾರೀಕು. ಅವರು ಮೊದಲೇ ಹೇಳಿಟ್ಟಿದ್ದನ್ನು ನೀವು ಆಮೇಲೆ ಬರೆದು ಕಳಿಸಿದಿರಿ ಎಂದು ನಂಬಲು ಪ್ರಯತ್ನಿಸುತ್ತಿದ್ದೇನೆ. ಹಾಗಿದ್ದರೆ ದಯವಿಟ್ಟು ಒಂದು ಸಾಲು ಬರೆಯಿರಿ. ಪರೀಕ್ಷೆಗೆ ಮೊದಲು, ಏಪ್ರಿಲ್ ಹತ್ತರಂದು, ಅವಳು ಆ ಮಾತಿನ ಕೆಳಗೆ ಸಹಿ ಹಾಕುತ್ತಾಳೆ. ಅವಳ ಸಹಿಯ ಕೆಳಗೆ ನನ್ನದೂ ಇರುತ್ತದೆ.

ಸಾವಿನ ಸುದ್ದಿಯನ್ನು ಈಗಲಾದರೂ ತಿಳಿಸಿ ಎಂಬುದು ನನ್ನ ಬೇಡಿಕೆ. ಆದರೆ ತಾಯಿ ನೀವು. ನಿಮ್ಮನ್ನು ಮೀರಿ ನಾನು ಹೇಳಲಾರೆ.

ವಂದನೆಗಳೊಂದಿಗೆ,
ಫ್ರೆಂಚ್ ಅಧ್ಯಾಪಕಿ


ಮಾರ್ಚ್ 14

ಮೇಡಂ ಅವರಿಗೆ ನಮಸ್ಕಾರ.

ಹೌದು, ಅವರೇ ಹೇಳಿದ್ದು. ಪರೀಕ್ಷೆ ಆದಮೇಲೆ ನಾನೇ ಮಗಳಿಗೆ ತಿಳಿಸುತ್ತೇನೆ.

ಜೀರಿಗೆಯ ತಾಯಿ


ಏಪ್ರಿಲ್ 22

ಅಜ್ಜಿ, ಅಮ್ಮ,

ಮುಗೀತು! ಹನ್ನೆರಡು ನಿಮಿಷ ಅಂದವರು ಹತ್ತೊಂಬತ್ತು ನಿಮಿಷ ಕೂರಿಸಿದರು.

ಪರೀಕ್ಷಕರು ಒಬ್ಬ ದಪ್ಪ ಹೆಂಗಸು. ನೆಗಡಿಯಾಗಿತ್ತು ಪಾಪ, ಕರವಸ್ತ್ರ ಮೂಗಿಗೆ ಹಿಡಿದೇ ಕೂತಿದ್ದರು. ಮೊದಲ ಐದು ನಿಮಿಷ ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಬರೆಯುತ್ತಲೇ ಇದ್ದರು. ಚಿಲಕ ಹಾಕಿಕೊಂಡು ನಿಂತ ಕಥೆ ಬಂದಾಗ ಪೆನ್ಸಿಲ್ ಕೆಳಗಿಟ್ಟರು. ಆಮೇಲೆ ಎತ್ತಿಕೊಳ್ಳಲೇ ಇಲ್ಲ.

"ನಿಮ್ಮ ತಾಯಿ ಅವರನ್ನು ಕ್ಷಮಿಸಿದರಾ?" ಎಂದು ಕೇಳಿದರು. ಅಮ್ಮ, ನೀನು ನನ್ನ ಪ್ರಶ್ನೆಗೆ ಉತ್ತರವನ್ನೇ ಬರೆದಿರಲಿಲ್ಲ. ಆದರೂ ನಾನು ಧೈರ್ಯ ಮಾಡಿ ಕ್ಷಮಿಸಿದರು ಅಂದೆ. "ಆ ಮಾತನ್ನು ನನ್ನ ತಾಯಿಯೇ ತಮ್ಮ ಕೈಯಿಂದ ಬರೆದುಕೊಂಡರು, ಒಂದು ಕಡೆ ಅಕ್ಷರ ಒದ್ದೆಯಾಗಿದೆ" ಅಂದೆ. ಕೊನೆಗೆ, ಈಗ ನಿಮ್ಮ ಅಜ್ಜಿ ಏನು ಮಾಡುತ್ತಿರಬಹುದು ಅಂತ ಕೇಳಿದರು. "ಕಿಟಕಿಯ ಹತ್ತಿರ ಕೂತು, ಎದುರುಮನೆಯವರು ಬಟ್ಟೆ ಒಣಹಾಕಿದ್ದು ಸರಿಯಿಲ್ಲ ಅಂತ ಬೈಯುತ್ತಿರುತ್ತಾರೆ" ಅಂದೆ. ಅವರು ಜೋರಾಗಿ ನಕ್ಕು, ಟೇಪು ನಿಲ್ಲಿಸಿ, "ಅವರಿಗೆ ನನ್ನ ನಮಸ್ಕಾರ ತಿಳಿಸಿ" ಅಂದರು.

ಬರವಣಿಗೆಯ ಪರೀಕ್ಷೆ ಶುರುವಾಗಲು ಇನ್ನೂ ಒಂದು ತಿಂಗಳಿದೆ. ಶನಿವಾರ ಬರುತ್ತಿದ್ದೇನೆ. ಬೇಡ ಗೀಡ ಅಂತ ಬರೆಯಬೇಡಿ, ಈ ಕಾಗದಕ್ಕಿಂತ ಮೊದಲು ನಾನೇ ಬಂದರೂ ಬಂದೆ. ಆ ಹೆಂಗಸಿನ ನಮಸ್ಕಾರವನ್ನು ನಾನೇ ಬಾಯಾರೆ ಹೇಳಬೇಕು.

ನಿಮ್ಮ,
ಜೀರಿಗೆ


ಏಪ್ರಿಲ್ 30

ಅಮ್ಮ,

ಶನಿವಾರ ನಾನು ಆಸ್ಪತ್ರೆಯಿಂದ ನೇರ ಸ್ಟೇಷನ್ನಿಗೆ ಹೋದೆ. ರೈಲು ಬರಲು ಇನ್ನೂ ಐದು ಗಂಟೆ ಇತ್ತು. ಬೆಂಚಿನ ಮೇಲೆ ಕೂತೆ. ನೀನು ಹಿಂದೆಯೇ ಬರುತ್ತೀಯ ಅಂದುಕೊಂಡಿದ್ದೆ. ಬರಲಿಲ್ಲ.

ಪಕ್ಕದ ಮನೆಯಾಕೆ ಕೀಲಿ ಕೊಡುತ್ತಾ, "ಅಜ್ಜಿ ಇಲ್ದೆ ಮನೆ ಬಿಕೋ ಅನ್ನತ್ತೆ ಅಲ್ವೇನಮ್ಮಾ" ಅಂದಳು. ಆಸ್ಪತ್ರೆಗೆ ಸೇರಿಸಿದ್ದೀರಿ ಅಂದುಕೊಂಡೆ. ಯಾವ ವಾರ್ಡು ಅಂತ ಕೇಳಿದೆ. ಆಕೆ ನನ್ನ ಮುಖ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಹಾಗೆ ತಿಳಿಯಿತು ನನಗೆ. ಓಣಿಯಲ್ಲಿ, ಕೈಯಲ್ಲಿ ಕೀಲಿ ಹಿಡಿದುಕೊಂಡು.

ಲಾಂಡ್ರಿಗೆ ಇಳಿದು ಬಂದಾಗ ನೀನು ರೋಲರಿಗೆ ಹೊದಿಕೆ ಕೊಡುತ್ತಿದ್ದೆ. ನನ್ನನ್ನು ನೋಡಿದೆ. ನನಗೆ ಗೊತ್ತಾಗಿದೆ ಅಂತ ನಿನಗೂ ಗೊತ್ತಾಯಿತು. ಯಾವಾಗ ಅಂತ ನಾನು ಕೇಳಿದೆ. "ಹನ್ನೊಂದು ವಾರ ಆಯ್ತು" ಅಂದೆ ನೀನು. ಆಮೇಲೆ ನೀನೇ ಕೇಳಿದೆ, "ಊಟ ಮಾಡಿದ್ಯಾ?" ಅಂತ. ಮೆಷೀನು ನಿಲ್ಲಿಸಲಿಲ್ಲ.

ಅವಳು ಮಣ್ಣಿಗೆ ಹೋಗಿ ಎರಡೂವರೆ ತಿಂಗಳಾದ ಮೇಲೆ ನಾನು ಯಾರೋ ಗುರುತಿಲ್ಲದವರ ಮುಂದೆ, ಕಿಟಕಿಯ ಹತ್ತಿರ ಕೂತು ಬೈಯುತ್ತಿದ್ದಾಳೆ ಅಂತ ಹೇಳಿ ನಗಿಸಿದೆ. ಅದು ಟೇಪಿನಲ್ಲಿದೆ.

ಈಗ ನನಗೆ ಒಂದೇ ಪ್ರಶ್ನೆ. ಫೆಬ್ರವರಿ ಇಪ್ಪತ್ತರ ಕಾಗದ ನನ್ನ ಮುಂದಿದೆ. ಇದರಲ್ಲಿ ಅಜ್ಜಿ ಹೇಳಿದ್ದು ಯಾವ ಸಾಲು? ಯೋಚಿಸಿದರೆ ಈಗ ಅನ್ನಿಸುತ್ತದೆ, ಅಜ್ಜಿ ಯಾವತ್ತು ಬೈಗುಳವಿಲ್ಲದೆ ಇಷ್ಟು ಉದ್ದ ಮಾತಾಡಿದ್ದಳು? ಅವಳು ಹೋಗುವ ಮೊದಲು "ತಪ್ಪಾಯ್ತು" ಅಂದಳಾ, ಇಲ್ಲವಾ? ಹೌದು ಅಥವಾ ಇಲ್ಲ ಅಂತ ಬರೆ.

ಜೀರಿಗೆ


ಮೇ 7

ಜೀರಿಗೆ,

ಇಲ್ಲ.

ಒಂದೇ ಒಂದು ಸಾಲೂ ಅವಳದ್ದಲ್ಲ. ಜನವರಿ ಹತ್ತೊಂಬತ್ತರದ್ದು ಅವಳ ಕೊನೆಯ ಕಾಗದ. ನಿನ್ನ ಎರಡನೇ ಕಾಗದ ಫೆಬ್ರವರಿ ಐದಕ್ಕೆ ಬಂತು. ಆಗಲೇ ಅವಳು ವಾರ್ಡಿನಲ್ಲಿದ್ದಳು. ಆರನೇ ತಾರೀಕು ಬೆಳಗ್ಗೆ ಡ್ಯೂಟಿಗೆ ಮುಂಚೆ ಹೋಗಿ ಹಾಸಿಗೆಯ ಪಕ್ಕ ನಿಂತು ಓದಿ ಹೇಳಿದೆ. "ಒಂದೇ ಒಂದು ಸಲ ಹೇಳು ಅಜ್ಜಿ" ಅಂತ ನೀನು ಬರೆದಿದ್ದೆಯಲ್ಲ, ಅದನ್ನು ಎರಡು ಸಲ ಓದಿದೆ. ಎರಡನೇ ಸಲ ಓದಿದ್ದು ನಿನಗಾಗಿ ಅಲ್ಲ. ಅವಳು ಕಣ್ಣು ಬಿಟ್ಟು ಗೋಡೆಯ ಗಡಿಯಾರ ನೋಡಿ, "ಹೊತ್ತಾಯ್ತು, ಡ್ಯೂಟಿಗೆ ಹೋಗು" ಅಂದಳು. ಹೋದೆ. ಹತ್ತೂವರೆಗೆ ವಾರ್ಡಿನ ಆಯಾ ಬಟ್ಟೆ ತಳ್ಳುಗಾಡಿ ತಗೊಂಡು ಕೆಳಗೆ ಬಂದವಳು, ಗಾಡಿ ಬಿಟ್ಟು ನನ್ನ ತೋಳು ಹಿಡಿದುಕೊಂಡಳು.

ಚಿಲಕ ಹಾಕಿಕೊಂಡದ್ದು, ಬಾಯಿ ಮುಚ್ಚಿದ್ದು, ಟೀಚರ ಚಪ್ಪಲಿ ಸದ್ದು, ಎಲ್ಲ ನಿಜ. ಅದು ನನಗೆ ನೆನಪಿರುವುದು. ಅವಳಿಗೆ ನೆನಪಿತ್ತೋ ಇಲ್ಲವೋ ಕೂಡ ನನಗೆ ಗೊತ್ತಿಲ್ಲ.

ನಿನ್ನ ಪರೀಕ್ಷೆ ಕೆಡಬಾರದು ಎಂದು ಕಾಗದ ಬರೆಯಲು ಕೂತೆ. ಕೆಮ್ಮು ವಾಸಿ, ಓದಿಕೋ, ಅಷ್ಟು ಬರೆದು ಮುಗಿಸಬೇಕೆಂದಿದ್ದೆ. ಅವಳ ಹಾಗೆ ಬರೆಯುವುದು ನನಗೇನು ಕಷ್ಟ? ವರ್ಷಗಟ್ಟಲೆ ಅವಳು ಹೇಳಿದ್ದನ್ನು ಬರೆದು ಬರೆದು ಅವಳ ಮಾತೆಲ್ಲ ನನ್ನ ಕೈಯಲ್ಲೇ ಇತ್ತು. ಏಳನೇ ಪ್ರಶ್ನೆ ಬಂದಾಗ ಕೈ ನಿಲ್ಲಲಿಲ್ಲ. ಬರೆದಾದ ಮೇಲೆ ನಾಲ್ಕು ಸಲ ಓದಿದೆ. ಗಟ್ಟಿಯಾಗಿ ಓದಿದೆ. ಅಳು ಬಂತು. ಎಷ್ಟು ವರ್ಷ ಕಾದಿದ್ದೆ ಗೊತ್ತಾ, ಆ ಒಂದು ಮಾತಿಗೆ? ಅವಳಿಗೆ ಊಟ ಬಡಿಸುವಾಗ, ತಲೆ ಬಾಚುವಾಗ, ಇವತ್ತು ಹೇಳುತ್ತಾಳೆ, ನಾಳೆ ಹೇಳುತ್ತಾಳೆ ಅಂತ. ಅವಳು ಹೋದಳು, ಇನ್ನು ಆ ಮಾತು ಬರುವುದೇ ಇಲ್ಲ. ಅದಕ್ಕೆ ನಾನೇ ಬರೆದುಕೊಂಡೆ. ಆಮೇಲೆ ನೀನು ಅದನ್ನು ಪರದೇಶದ ಭಾಷೆಯಲ್ಲಿ ಹೇಳಿದೆ, ಆ ಹೆಂಗಸು ಪೆನ್ಸಿಲ್ ಕೆಳಗಿಟ್ಟರು ಅಂತ ಬರೆದೆ. ಆ ಕಾಗದ ನೀನು ಬಂದು ಹೋದ ಮೇಲೆ ಕೈ ಸೇರಿತು, ಆದರೂ ಆ ಸಾಲು ಓದಿದ ದಿನ ನಾನು ಡ್ಯೂಟಿಗೆ ಹಗುರಾಗಿ ಹೋದೆ. ನಿನ್ನ ಹತ್ತಿರ ಸುಳ್ಳು ಯಾಕೆ.

ಮೇಡಂ ಅವರನ್ನು ಬೈಯಬೇಡ. ಅಜ್ಜಿಯೇ ಹೇಳಿದ್ದು ಅಂತ ಅವರಿಗೂ ಸುಳ್ಳು ಬರೆದಿದ್ದೆ.

ಮೆಷೀನು ನಿಲ್ಲಿಸಿದರೆ ಹೊದಿಕೆ ಒಳಗೇ ಸುಟ್ಟುಹೋಗುತ್ತದೆ, ಅದು ನಿನಗೂ ಗೊತ್ತು. ಕೊನೆಯ ಹೊದಿಕೆ ತೆಗೆದು ಹೊರಗೆ ಬಂದೆ. ನೀನಿರಲಿಲ್ಲ. ಸ್ಟೇಷನ್ನಿಗೆ ಹೋಗಿರುತ್ತೀಯ ಅಂತ ಹೊಳೆಯಿತು. ಏನು ಹೇಳಲಿ ಅಂತ ಹೊಳೆಯಲಿಲ್ಲ.

ಎಲ್ಲ ಮಾಡಿದ್ದು ನಿನ್ನ ಓದಿಗಾಗಿ. ಬರವಣಿಗೆಯ ಪರೀಕ್ಷೆ ಚೆನ್ನಾಗಿ ಮಾಡು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಡ.

ನಿನ್ನ,
ಅಮ್ಮ


ಮೇ 15

ಅಮ್ಮ,

ಸೋಮವಾರ ನಾನು ಮಂಡಳಿಗೆ ಬರೆದೆ. ನಾನು ಸಹಿ ಹಾಕಿದ ಮಾತು ನಿಜವಲ್ಲ, ಅದು ನನಗೆ ಆಮೇಲೆ ಗೊತ್ತಾಯಿತು ಎಂದು. ಮೇಡಂ ಬೇಡವೆನ್ನಲಿಲ್ಲ. ತಾವೂ ಒಂದು ಕಾಗದ ಬರೆದು ನನ್ನದರ ಜೊತೆ ಸೇರಿಸಿದರು. ಇವತ್ತು ಮಂಡಳಿಯವರು ಮೇಡಮ್ಮಿಗೆ ಫೋನು ಮಾಡಿದ್ದರಂತೆ. ಮಾತಿನ ಪರೀಕ್ಷೆಯನ್ನು ರದ್ದು ಮಾಡಿದ್ದಾರೆ. ಬರವಣಿಗೆ ಬರೆಯಬಹುದು, ಆದರೆ ಮಾತಿನದು ಮುಂದಿನ ವರ್ಷ ಮತ್ತೆ ಕೂರಬೇಕು. ಅನುವಾದಕರ ಕಾಲೇಜು ಈ ವರ್ಷಕ್ಕಿಲ್ಲ. ಯಾವುದು ಕೆಡಬಾರದು ಎಂದು ನೀನು ಮುಚ್ಚಿಟ್ಟೆಯೋ ಅದೇ ಕೆಟ್ಟಿತು.

ನೀನು ಯಾಕೆ ಬರೆದೆ ಅಂತ ನನಗೆ ಅರ್ಥವಾಗುತ್ತದೆ. ಆ ಚಿಲಕದ ಹಿಂದೆ ನಿಂತ ಹುಡುಗಿಯನ್ನು ನೆನೆಸಿಕೊಂಡರೆ ಅಜ್ಜಿಯ ಮೇಲೆ ಸಿಟ್ಟು ಬರುತ್ತದೆ, ಅವಳು ಸತ್ತಿದ್ದಾಳೆ ಅಂತ ನೆನಪಾಗಿ ಸಿಟ್ಟು ಮಾಡಲೂ ಆಗುವುದಿಲ್ಲ. ನಿನ್ನ ಕಾಗದವನ್ನು ಐದು ಸಲ ಓದಿದೆ. ಐದನೇ ಸಲ ಏನು ಹುಡುಕುತ್ತಿದ್ದೇನೆ ಅಂತ ನನಗೇ ಗೊತ್ತಾಯಿತು.

ಅದರಲ್ಲಿ ಎಲ್ಲವೂ ಇದೆ ಅಮ್ಮ. ಗಡಿಯಾರ ಇದೆ, ತಳ್ಳುಗಾಡಿ ಇದೆ, ಖಾಲಿ ಹೊಟ್ಟೆ ಇದೆ. "ಎಲ್ಲ ಮಾಡಿದ್ದು ನಿನ್ನ ಓದಿಗಾಗಿ" ಇದೆ. ಅಜ್ಜಿಯ ಹೆಸರಿನಲ್ಲಿ ನಿನಗೋಸ್ಕರ ಅಷ್ಟು ಚೆನ್ನಾಗಿ ಬರೆದುಕೊಂಡ ಆ ಒಂದು ಮಾತು ಮಾತ್ರ ಇಲ್ಲ.

ನಾನು ಅಜ್ಜಿಯನ್ನು ಕೊನೆಯ ಸಲ ನೋಡಲಿಲ್ಲ. ನೀನು ಇಪ್ಪತ್ತೆಂಟು ವರ್ಷ ಕಾದೆ. ನನ್ನಿಂದ ಅಷ್ಟು ವರ್ಷ ಕಾಯಲು ಆಗುವುದಿಲ್ಲ.

ಜೀರಿಗೆ


ಮೇ 24

ಜೀರಿಗೆ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಇವತ್ತು ರಜೆ ಹಾಕಿ ಬೆಳಗಿನಿಂದ ಕೂತಿದ್ದೇನೆ. ನಮ್ಮಮ್ಮನ ಹೆಸರಿನಲ್ಲಿ ಬರೆದಾಗ ಒಂದೇ ಉಸಿರಿಗೆ ಬಂದಿತ್ತು. ನನ್ನ ಹೆಸರಿನಲ್ಲಿ ಬರುತ್ತಿಲ್ಲ. ಮೂರು ಹಾಳೆ ಹರಿದೆ. ಮೂರರಲ್ಲೂ "ಆದರೆ" ಅಂತ ಒಂದು ಮಾತು ಬಂದು ಕೂತಿತ್ತು. ನಿನಗಾಗಿ ಮಾಡಿದೆ, ನಿನ್ನ ಒಳ್ಳೆಯದಕ್ಕೆ ಮಾಡಿದೆ. ಅಮ್ಮನೂ ಒಳಗೊಳಗೇ ಇದನ್ನೇ ಅಂದುಕೊಂಡಿದ್ದಳೋ ಏನೋ.

ನಾಲ್ಕನೇ ಹಾಳೆ ಇದು.

ಅಜ್ಜಿ ಹೋದದ್ದನ್ನು ನಿನಗೆ ಅವತ್ತೇ ಹೇಳಬೇಕಿತ್ತು. ಫೋನು ಇತ್ತು, ಮಾಡಲಿಲ್ಲ. ಅವಳ ಮುಖ ಕೊನೆಯ ಸಲ ನೋಡುವುದು ನಿನಗೆ ಸೇರಿದ್ದು, ಅದನ್ನು ನಾನು ಕಿತ್ತುಕೊಂಡೆ. ನೀನು ಅಳಬೇಕಾದ ದಿನ ನಿನ್ನನ್ನು ನಗಿಸಿದೆ. ನಿನ್ನ ಪರೀಕ್ಷೆಯಲ್ಲಿ ನನ್ನ ಹಳೆಯ ನೋವನ್ನು ತುರುಕಿದೆ. ನಿನ್ನ ಬಾಯಿಯಿಂದ ಸುಳ್ಳು ಆಡಿಸಿದೆ.

ತಪ್ಪಾಯ್ತು ಮಗಳೇ.

ಹೊಟ್ಟೆಗೆ ಹಾಕಿಕೋ ಅಂತ ಕೇಳುವುದಿಲ್ಲ. ಅದು ನಿನ್ನಿಷ್ಟ. ಇದನ್ನು ಮಾತ್ರ ಯಾರೂ ಹೇಳಿ ಬರೆಸಿದ್ದಲ್ಲ.

ನಿನ್ನ,
ಅಮ್ಮ